ಬಟಾಣಿಯ ಬೇರು ಕೊಳೆ ರೋಗ

ಹೊಲದ ಬಟಾಣಿಯ ಬೇರನ್ನೂ ಕಾಂಡದ ಬುಡವನ್ನೂ ಕೊಳೆಸುವ, ಮಣ್ಣಿನಿಂದ ಬರುವ ರೋಗ. ಫ್ಯುಸೇರಿಯಮ್, ಪಿಥಿಯಮ್, ರೈಜೊಕ್ಟೋನಿಯಗಳಿಗೂ ಇದರಲ್ಲಿ ಪಾಲುಂಟು. ಆದರೆ ತಂಪು ದೇಶಗಳ ಬಟಾಣಿ ಬೆಳೆಗಾರರು ಹೆಚ್ಚು ಅಂಜುವುದು ಅಫನೊಮೈಸಿಸ್ ಯುಟೈಕೀಸ್ ಎಂಬ ಜೀವಿಗೆ. ಪೈರಿಗೆ ತಗುಲಿದ ಮೇಲೆ ಇದಕ್ಕೆ ಮದ್ದಿಲ್ಲ. ನಿರ್ವಹಣೆಯೆಂದರೆ ಬಹುಮಟ್ಟಿಗೆ ಬಿತ್ತನೆಗೆ ಮೊದಲೇ ಹೊಲವನ್ನು ಆರಿಸಿಕೊಳ್ಳುವುದು.

ರೋಗಕಾರಕ: ಅಫನೊಮೈಸಿಸ್ ಯುಟೈಕೀಸನ್ನು 1925ರಲ್ಲಿ ಅಮೆರಿಕದ ಜೋನ್ಸ್ ಮತ್ತು ಡ್ರೆಕ್ಸ್ಲರ್ ವಿವರಿಸಿದರು. ಶಿಲೀಂಧ್ರದಂತೆ ಕಂಡರೂ ಇದು ಊಮೈಸೀಟ್ ಗುಂಪಿನದು, ಹಾಗಾಗಿ ಹಲವು ಶಿಲೀಂಧ್ರನಾಶಕಗಳು ಇದಕ್ಕೆ ನಾಟುವುದಿಲ್ಲ. ಕೊಳೆತ ಬೇರಿನೊಳಗೆ ಹುಟ್ಟುವ ದಪ್ಪಗೋಡೆಯ ಊಸ್ಪೋರ್‌ಗಳು ಮಣ್ಣಿನಲ್ಲಿ ಹತ್ತು ವರ್ಷ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಲ ಜೀವ ಹಿಡಿದಿರುತ್ತವೆ. ಹತ್ತಿರದಲ್ಲಿ ಬಟಾಣಿ ಬೇರು ಸ್ರವಿಸಿದ್ದೇ ಮೊಳೆತು, ಎರಡು ಬಾಲದ ಚರಬೀಜಾಣುಗಳನ್ನು ಬಿಡುತ್ತವೆ. ಇವು ಮಣ್ಣಿನ ಕಣಗಳ ನಡುವಿನ ನೀರಿನಲ್ಲಿ ಈಜಿ ಬೇರಿಗೆ ಅಂಟುತ್ತವೆ. ಮಳೆ ನಿಂತರೂ ನೀರು ಬಸಿಯದ ತಗ್ಗು, ಟ್ರ್ಯಾಕ್ಟರ್ ತುಳಿದು ಗಟ್ಟಿಯಾದ ಸಾಲುಗಳಲ್ಲಿ ರೋಗ ಮೊದಲು ಕಾಣುವುದು ಇದರಿಂದಲೇ.

ಲಕ್ಷಣಗಳು: ಎಲೆ ಹಳದಿಯಾಗಿ ಗಿಡ ಕುಗ್ಗುವುದನ್ನು ನೀರು ನಿಂತ ಹೊಲದಲ್ಲೂ ಕಾಣಬಹುದು, ಆದ್ದರಿಂದ ಗಿಡ ಕಿತ್ತೇ ನೋಡಬೇಕು. ಬೇರು ಜೇನಿನ ಕಂದುಬಣ್ಣಕ್ಕೆ ತಿರುಗಿ ಮೆತ್ತಗಾಗಿರುತ್ತದೆ. ಎಳೆದರೆ ಹೊರ ತೊಗಟೆ ಮಣ್ಣಿನಲ್ಲೇ ಉಳಿದು, ಒಳಗಿನ ನಾಳದ ಎಳೆ ಮಾತ್ರ ಇಲಿಬಾಲದಂತೆ ಕೈಗೆ ಬರುತ್ತದೆ. ಫ್ಯುಸೇರಿಯಮ್ ಆದರೆ ಬೇರು ಕಪ್ಪು ಮಿಶ್ರಿತ ಕೆಂಪಾಗಿ ಒಣಗಿದಂತಿರುತ್ತದೆ. ಎರಡೂ ಕೂಡಿ ಬರುವುದೇ ಹೆಚ್ಚು, ಆದ್ದರಿಂದ ಬಣ್ಣವೊಂದನ್ನೇ ನಂಬುವಂತಿಲ್ಲ.

ಮಣ್ಣು ಪರೀಕ್ಷೆ: 1958ರಲ್ಲಿ ವಿಸ್ಕಾನ್ಸಿನ್‌ನ ಶೇರ್‌ವುಡ್ ಮತ್ತು ಹ್ಯಾಗಡಾರ್ನ್ ಪ್ರಕಟಿಸಿದ ವಿಧಾನ ಇಂದಿಗೂ ತಳಹದಿ. ಹೊಲದ ಹಲವು ಕಡೆಯ ಮಣ್ಣನ್ನು ಬೆರೆಸಿ, ಕುಂಡದಲ್ಲಿ ರೋಗಕ್ಕೆ ಸುಲಭವಾಗಿ ತುತ್ತಾಗುವ ತಳಿಯ ಬಟಾಣಿ ಬಿತ್ತಿ, ಮಣ್ಣನ್ನು ಬೇಕೆಂದೇ ಕೆಸರಾಗಿಟ್ಟು, ಕೆಲವು ವಾರಗಳ ಬಳಿಕ ಬೇರು ತೊಳೆದು ಅಂಕ ಕೊಡುತ್ತಾರೆ. ಬೀಜಾಣು ಎಣಿಸುವ ಗೋಜಿಲ್ಲ, ಬೇರೇ ಸಾಕ್ಷಿ ಹೇಳುತ್ತದೆ. ಬಟಾಣಿ ಡಬ್ಬೀಕರಿಸುವ ಕಂಪನಿಗಳು ರೈತರ ಹೊಲಗಳನ್ನು ಹೀಗೆಯೇ ಆರಿಸಿಕೊಂಡವು. ಫ್ರಾನ್ಸಿನಲ್ಲಿ ಇದೇ ಬಗೆಯ ಪರೀಕ್ಷೆಗೆ 0ಯಿಂದ 5ರ ಅಳತೆಯಿದೆ: 1ಕ್ಕಿಂತ ಕಡಿಮೆಯಾದರೆ ಬಿತ್ತಬಹುದು, 2.5 ದಾಟಿದರೆ ಬೇಡ. ಒಣ ಮಣ್ಣಿನ ನಮೂನೆಯೇ ಸಾಕಾದ್ದರಿಂದ ಸುಗ್ಗಿಯಾದ ಮೇಲೆ ನಿಧಾನವಾಗಿ ಮಾಡಬಹುದಾದ ಕೆಲಸವಿದು.

ಹರಡುವಿಕೆ: ಈ ರೋಗ ಕೆನಡಾದ ಸಸ್ಕ್ಯಾಚವಾನಿನಲ್ಲಿ 2012ರಲ್ಲಿ, ಆಲ್ಬರ್ಟಾದಲ್ಲಿ 2013ರಲ್ಲಿ ಖಚಿತವಾಯಿತು. ಭಾರತ ಆಮದು ಮಾಡಿಕೊಂಡ ಹಳದಿ ಬಟಾಣಿಯಲ್ಲಿ ದೊಡ್ಡ ಪಾಲು ಈ ಪ್ರಾಂತ್ಯಗಳದ್ದು.

ನಿರ್ವಹಣೆ: ರೋಗ ಕಂಡ ಹೊಲಕ್ಕೆ ಕೆನಡಾದಲ್ಲಿ ಹೇಳುವ ಬಿಡುವು ಆರರಿಂದ ಎಂಟು ವರ್ಷ. ಈ ಅವಧಿಯಲ್ಲಿ ಮಸೂರವೂ ಸಲ್ಲದು, ಅದೂ ಇದೇ ರೋಗಕ್ಕೆ ಆಶ್ರಯ. ದ್ವಿದಳವೇ ಬೇಕೆಂದರೆ ಫಾಬಾ ಅವರೆ, ಕಡಲೆ ಅಥವಾ ಸೋಯಾ ವಾಸಿ. ಎಥಾಬಾಕ್ಸಮ್ ಎಂಬ ರಾಸಾಯನಿಕದ ಬೀಜೋಪಚಾರ ಮೊಳಕೆಯ ಹಂತವನ್ನಷ್ಟೇ ಕಾಯುತ್ತದೆ. ಪೂರ್ಣ ನಿರೋಧಕ ತಳಿ ಇಲ್ಲ; ಪಿಐ 180693 ಎಂಬ ಸಂಗ್ರಹಿತ ಬಟಾಣಿಯ ಭಾಗಶಃ ನಿರೋಧಕತೆಯನ್ನು ಒಳ್ಳೆಯ ತಳಿಗಳಿಗೆ ದಾಟಿಸುವ ಯತ್ನ ನಡೆದಿದೆ. ಆದರೆ ಆ ಗುಣ ಹಲವು ಜೀನುಗಳಲ್ಲಿ ಹಂಚಿಹೋಗಿರುವುದರಿಂದ ಕೆಲಸ ನಿಧಾನ.