ಕಾವೇರಿಯ ಬಿಳಿಮೀನು ಮತ್ತು ನದಿದಂಡೆಯ ಜನ

ಕಾವೇರಿಯಲ್ಲೂ ಅದರ ಉಪನದಿಗಳಲ್ಲೂ ಮಾತ್ರ ಬದುಕುವ, ಬೆನ್ನಿನ ಮೇಲೆ ಗೂನಿರುವ ಮಹಶೀರ್ ಮೀನಿಗೆ ಕನ್ನಡ ಸೀಮೆಯ ನದಿದಂಡೆಯಲ್ಲಿ ಬಿಳಿಮೀನು ಎಂಬ ಹೆಸರಿದೆ. ಐವತ್ತು ಕಿಲೋ ದಾಟಿ ಬೆಳೆಯಬಲ್ಲ ಈ ಮೀನು ಜಗತ್ತಿನ ಮಹಶೀರ್‌ಗಳಲ್ಲೇ ಅತಿ ದೊಡ್ಡವುಗಳ ಸಾಲಿಗೆ ಸೇರುತ್ತದೆ. ಅದನ್ನು ಉಳಿಸಲು ನಡೆದ ಪ್ರಯತ್ನಗಳ ಕಥೆಯೆಂದರೆ ಪರವಾನಗಿ, ಮರಿಬಿತ್ತನೆ, ನಿಷೇಧ ಇವುಗಳ ಕಥೆ. ಇವೆಲ್ಲವೂ ದಂಡೆಯ ಹಳ್ಳಿಗಳ ಜನರ ಬದುಕನ್ನು ಮುಟ್ಟಿವೆ. ಆ ಜನರನ್ನು ಕೇಳಿ ತೀರ್ಮಾನಿಸಿದ್ದು ಮಾತ್ರ ಅಪರೂಪ.

ಗಾಳದ ಮೋಜಿಗೆ ಈ ಮೀನು ಪ್ರಸಿದ್ಧವಾದದ್ದು ಬ್ರಿಟಿಷರ ಕಾಲದಲ್ಲಿ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಪ್ರಕಟಿಸಿದ 'ದಿ ರಾಡ್ ಇನ್ ಇಂಡಿಯಾ' ಪುಸ್ತಕ ಮಹಶೀರ್ ಹಿಡಿಯುವವರಿಗೆ ಕೈಪಿಡಿಯೇ ಆಯಿತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ ಕುಟುಂಬದವರೊಬ್ಬರು ಕಬಿನಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಗುವ ಮಹಶೀರ್ ಹಿಡಿದರು. ಇಂದಿಗೂ ಗಾಳಗಾರರು ನೆನೆಯುವ ದಾಖಲೆ ಅದು.

ಸ್ವಾತಂತ್ರ್ಯದ ನಂತರ ನದಿಯ ಸ್ಥಿತಿ ಬದಲಾಯಿತು. ಕಲ್ಲುಗಣಿಗಳಿಂದ ಸಿಡಿಮದ್ದು ಸುಲಭವಾಗಿ ಕೈಗೆ ಸಿಗತೊಡಗಿ, ಆಳವಾದ ಮಡುಗಳಿಗೆ ತೋಟೆ ಎಸೆದು ಮೀನು ಹಿಡಿಯುವ ಚಾಳಿ ಹಬ್ಬಿತು. ಒಂದು ತೋಟೆ ಸಿಡಿದರೆ ಬೇಕಾದ ಮೀನಿನ ಜೊತೆ ಮರಿಗಳೂ ಸಾಯುತ್ತವೆ. ಸತ್ತದ್ದರಲ್ಲಿ ಎಷ್ಟೋ ಪಾಲು ತಳಕ್ಕಿಳಿದು ಯಾರ ಕೈಗೂ ಸಿಗದೆ ಕೊಳೆಯುತ್ತದೆ. ಬಲೆಯನ್ನೇ ನಂಬಿ ಬದುಕುವ ಮೀನುಗಾರ ಕುಟುಂಬಗಳಿಗೆ ಇದರಿಂದ ಆದ ನಷ್ಟ, ಗಾಳದ ಹವ್ಯಾಸಿಗಳ ನಷ್ಟಕ್ಕಿಂತ ಬಹಳ ದೊಡ್ಡದು.

1972ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ದಕ್ಷಿಣ ಭಾರತ ವನ್ಯಜೀವಿ ಸಂಘವು ಕಾವೇರಿಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲು ಹಾಕಿತು. ಆ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ಗಾಳಗಾರರು ಬಂದು ದೈತ್ಯ ಮೀನುಗಳನ್ನು ಹಿಡಿದ ಮೇಲೆ ಕಾವೇರಿಗೆ ಹೊರದೇಶಗಳಲ್ಲಿ ಮತ್ತೆ ಹೆಸರು ಬಂತು. ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯು ಭೀಮೇಶ್ವರಿ, ದೊಡ್ಡಮಕ್ಕಳಿ, ಗಾಳಿಬೋರೆಗಳಲ್ಲಿ ಶಿಬಿರಗಳನ್ನು ತೆರೆಯಿತು. ಇಲ್ಲಿಯ ನಿಯಮ ಸರಳ: ಹಿಡಿದ ಮೀನನ್ನು ತೂಗಿ, ಜೀವಂತವಾಗಿ ನದಿಗೇ ಬಿಡಬೇಕು.

ಈ ಶಿಬಿರಗಳ ನಿಜವಾದ ಸಾಧನೆ ಕೆಲಸ ಹಂಚಿದ ರೀತಿಯಲ್ಲಿತ್ತು. ಹಿಂದೆ ಕಳ್ಳಬೇಟೆಯಲ್ಲಿ ತೊಡಗಿದ್ದವರನ್ನೇ ಕರೆದು ಕಾವಲುಗಾರರನ್ನಾಗಿ, ಗಾಳಗಾರರಿಗೆ ದಾರಿ ತೋರಿಸುವವರನ್ನಾಗಿ ಮಾಡಲಾಯಿತು. ಬೇಯಿಸಿದ ರಾಗಿ ಹಿಟ್ಟಿನ ಉಂಡೆಯನ್ನು ಗಾಳಕ್ಕೆ ಹದವಾಗಿ ಮೆತ್ತುವುದು, ಬಂಡೆಗಳ ನಡುವೆ ಹರಿಗೋಲು ನಡೆಸುವುದು, ದಣಿದ ಮೀನನ್ನು ಹರಿವಿಗೆ ಮುಖಮಾಡಿ ಹಿಡಿದು ಚೇತರಿಸಿಕೊಳ್ಳುವವರೆಗೆ ಕಾಯುವುದು, ಇದೆಲ್ಲ ಅವರಿಗೆ ಗೊತ್ತಿದ್ದ ವಿದ್ಯೆ. ಯಾವ ಮಡುವಿನಲ್ಲಿ ಯಾವ ಕಾಲಕ್ಕೆ ಮೀನು ನಿಲ್ಲುತ್ತದೆ ಎಂಬುದನ್ನು ಅವರಷ್ಟು ಬಲ್ಲವರು ಬೇರೆ ಯಾರೂ ಇರಲಿಲ್ಲ. ತೋಟೆ ಹಾಕಲು ಬರುವವರ ದಾರಿಯನ್ನೂ ಅವರೇ ಬಲ್ಲರು. ಬದುಕಿರುವ ಮೀನಿನಿಂದ ಊರಿನ ಕೆಲವು ಮನೆಗಳಿಗಾದರೂ ಸಂಬಳ ಬರತೊಡಗಿತು.

ಈ ವ್ಯವಸ್ಥೆಗೆ ಕೊರತೆಗಳಿರಲಿಲ್ಲವೆಂದಲ್ಲ. ಗುತ್ತಿಗೆಯ ನೀರಿನಲ್ಲಿ ಊರಿನವರು ಊಟಕ್ಕೆಂದು ಬಲೆ ಬೀಸಿದರೆ ಅಪರಾಧ, ದುಡ್ಡು ಕೊಟ್ಟು ಬಂದವರು ಗಾಳ ಹಾಕಿದರೆ ಕ್ರೀಡೆ. ಈ ತಾರತಮ್ಯದ ದೂರಿನಲ್ಲಿ ನ್ಯಾಯವಿದೆ, ಅದಕ್ಕೆ ಸರಿಯಾದ ಉತ್ತರವನ್ನು ಯಾರೂ ಕೊಟ್ಟಿಲ್ಲ.

ಶಿಬಿರಗಳಿದ್ದ ಪ್ರದೇಶ 1987ರಲ್ಲಿ ಕಾವೇರಿ ವನ್ಯಜೀವಿ ಅಭಯಾರಣ್ಯಕ್ಕೆ ಸೇರಿತು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಬಂದ ತಿದ್ದುಪಡಿ, ಪ್ರಾಣಿ ಎಂಬುದರ ವ್ಯಾಖ್ಯೆಯೊಳಗೆ ಮೀನನ್ನೂ ತಂದಿತು. ಕಾಯ್ದೆಯ ಪ್ರಕಾರ ಪ್ರಾಣಿಯನ್ನು ಹಿಡಿಯುವುದೂ ಬೇಟೆಯೇ. ಹಿಡಿದು ಬಿಟ್ಟೆ ಎಂಬ ವಾದ ಅಲ್ಲಿ ನಿಲ್ಲುವುದಿಲ್ಲ. ಕೊನೆಗೆ 2012ರಲ್ಲಿ ಅಭಯಾರಣ್ಯದೊಳಗೆ ಗಾಳ ಹಾಕುವುದು ನಿಂತಿತು. ಪ್ರಾಣಿಗೆ ನೋವು ಕೊಡುವ ಮೋಜು ಅಭಯಾರಣ್ಯದಲ್ಲಿ ಸಲ್ಲದೆಂಬ ನಿಲುವು ಅರ್ಥವಾಗುವಂಥದ್ದೇ. ಆದರೆ ಗಾಳದ ಜೊತೆ, ನದಿಯಲ್ಲಿ ದಿನವೂ ಓಡಾಡುತ್ತಿದ್ದ ಕಣ್ಣುಗಳೂ ಹೊರಟುಹೋದವು. ಮೈಲಿಗಟ್ಟಲೆ ಹರಿಯುವ ನೀರನ್ನು ರಾತ್ರಿ ಹಗಲು ಕಾಯಲು ಬೇಕಾದಷ್ಟು ಸಿಬ್ಬಂದಿ ಅರಣ್ಯ ಇಲಾಖೆಗೆ ಎಲ್ಲಿಂದ ಬರಬೇಕು? ಮಾರ್ಗದರ್ಶಿಗಳ ಕೆಲಸಕ್ಕೆ ಬದಲಿ ಏನೆಂದು ಮೊದಲೇ ಯೋಚಿಸಿ, ಆಮೇಲೆ ನಿಷೇಧ ತರಬೇಕಿತ್ತು.

ಇದೇ ಹೊತ್ತಿಗೆ ನೀರಿನೊಳಗೆ ಇನ್ನೊಂದು ಬದಲಾವಣೆ ಸದ್ದಿಲ್ಲದೆ ನಡೆದಿತ್ತು. 1970ರ ದಶಕದಲ್ಲಿ ಮಹಾರಾಷ್ಟ್ರದ ಲೋಣಾವಳಾದಲ್ಲಿ ಟಾಟಾ ಕಂಪನಿಯ ಮರಿಪಾಲನಾ ಕೇಂದ್ರ ನೀಲಿ ರೆಕ್ಕೆಯ ಮಹಶೀರ್ ಮರಿಗಳನ್ನು ಬೆಳೆಸತೊಡಗಿತು. ಮೀನು ಹೆಚ್ಚಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಆ ಮರಿಗಳನ್ನು ಕಾವೇರಿಗೂ ತಂದು ಬಿಡಲಾಯಿತು. ಆದರೆ ಆ ಮೀನು ಕೃಷ್ಣಾ ಕಣಿವೆಯದು, ಕಾವೇರಿಯದಲ್ಲ. ಗಾಳಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಹಿಡಿದ ಆರು ಸಾವಿರಕ್ಕೂ ಹೆಚ್ಚು ಮಹಶೀರ್‌ಗಳ ಲೆಕ್ಕವನ್ನು ವಿಜ್ಞಾನಿಗಳು ಬಿಡಿಸಿ ನೋಡಿದಾಗ ಕಂಡದ್ದು ಇದು: ಗಾಳಕ್ಕೆ ಬೀಳುವ ಮೀನುಗಳ ಸಂಖ್ಯೆ ಏರಿದೆ, ಗೂನುಬೆನ್ನಿನ ಬಿಳಿಮೀನು ಮಾತ್ರ ಇಳಿಯುತ್ತಲೇ ಹೋಗಿದೆ. ಒಟ್ಟು ಸಂಖ್ಯೆಯನ್ನಷ್ಟೇ ನೋಡಿದವರಿಗೆ ಸಂರಕ್ಷಣೆ ಗೆದ್ದಂತೆ ಕಾಣುತ್ತಿತ್ತು. ಈ ಅಪಾಯ ಬೆಳಕಿಗೆ ಬಂದದ್ದು, ನಿಷೇಧಕ್ಕೊಳಗಾದ ಅದೇ ಶಿಬಿರ ಬರೆದಿಟ್ಟ ದಾಖಲೆಗಳಿಂದ ಎಂಬುದನ್ನು ಮರೆಯಬಾರದು.

ಇಷ್ಟು ಪ್ರಸಿದ್ಧವಾದ ಮೀನಿಗೆ ಬಹುಕಾಲ ಖಚಿತವಾದ ವೈಜ್ಞಾನಿಕ ಗುರುತೇ ಇರಲಿಲ್ಲ. ಕೇರಳದ ಪಾಂಬಾರ್ ಹೊಳೆಯಿಂದ ವಿವರಿಸಲಾಗಿದ್ದ ಟಾರ್ ರೆಮಾದೇವಿ ಎಂಬ ಮೀನೂ ಕಾವೇರಿಯ ಗೂನುಬೆನ್ನಿನ ಮಹಶೀರೂ ಒಂದೇ ಎಂದು ಸಂಶೋಧಕರು ತೋರಿಸಿದ್ದು 2018ರಲ್ಲಿ. ತಮಿಳುನಾಡಿನ ಮೋಯಾರ್ ನದಿಯಲ್ಲಿ ಸಿಕ್ಕ ಮೀನುಗಳು ಈ ನಿರ್ಧಾರಕ್ಕೆ ನೆರವಾದವು. ಅದೇ ವರ್ಷ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಇದನ್ನು ಅಳಿವಿನ ತೀವ್ರ ಅಪಾಯದಲ್ಲಿರುವ ಪ್ರಭೇದಗಳ ಪಟ್ಟಿಗೆ ಸೇರಿಸಿತು.

ಕಾನೂನಿನ ಆಚೆಗೂ ಕರ್ನಾಟಕದಲ್ಲಿ ಮೀನು ಕಾಯುವ ಹಳೆಯ ದಾರಿಯೊಂದಿದೆ. ಶೃಂಗೇರಿಯ ತುಂಗಾ ತೀರ, ತೀರ್ಥಹಳ್ಳಿ ಬಳಿಯ ಚಿಪ್ಪಲಗುಡ್ಡೆ, ಕಾವೇರಿ ದಡದ ರಾಮನಾಥಪುರ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲ: ಇಲ್ಲೆಲ್ಲ ಹೊಳೆಯ ಮೀನುಗಳು ದೇವರ ಮೀನುಗಳು. ಯಾರೂ ಹಿಡಿಯುವುದಿಲ್ಲ, ಬಂದವರು ಮಂಡಕ್ಕಿ ಹಾಕಿ ಕೈಮುಗಿಯುತ್ತಾರೆ. ತುಂಗೆ ಕೃಷ್ಣಾ ಕಣಿವೆಗೆ ಸೇರಿದ ನದಿ. ಹಾಗಾಗಿ ಕಾವೇರಿಯಲ್ಲಿ ಪರಕೀಯವಾದ ನೀಲಿ ರೆಕ್ಕೆಯ ಮಹಶೀರ್ ಶೃಂಗೇರಿಯಲ್ಲಿ ಮನೆಯ ಮಗ. ಭಕ್ತಿಯ ಕಾವಲೂ ಪೂರ್ತಿ ಭದ್ರವೇನಲ್ಲ. 1996ರಲ್ಲಿ ಶಿಶಿಲದ ಕಪಿಲಾ ಹೊಳೆಗೆ ದುಷ್ಕರ್ಮಿಗಳು ವಿಷ ಬೆರೆಸಿದಾಗ ಸಾವಿರಾರು ಮೀನುಗಳು ಸತ್ತು ತೇಲಿದವು. ಊರಿನವರು ಸತ್ತ ಮೀನುಗಳಿಗೆ ಸ್ಮಾರಕ ಕಟ್ಟಿದರು, ಮತ್ತೆ ಕಾವಲಿಗೆ ನಿಂತರು. ಇಂದು ಅಲ್ಲಿ ಮಹಶೀರ್ ಹಿಂಡು ಮತ್ತೆ ತುಂಬಿಕೊಂಡಿದೆ.

ಬಿಳಿಮೀನಿನ ಮುಂದಿರುವ ಅತಿ ದೊಡ್ಡ ಪ್ರಶ್ನೆ ಅಣೆಕಟ್ಟಿನದು. ಕಾವೇರಿಗೆ ಅಡ್ಡಲಾಗಿ ಸುಮಾರು 67 ಟಿಎಂಸಿ ನೀರು ನಿಲ್ಲಿಸುವ ಮೇಕೆದಾಟು ಯೋಜನೆ ಜಾರಿಯಾದರೆ ಸುಮಾರು ಐದು ಸಾವಿರ ಹೆಕ್ಟೇರ್ ಪ್ರದೇಶ ಮುಳುಗುತ್ತದೆ. ಅದರಲ್ಲಿ ಬಹುಪಾಲು ಕಾವೇರಿ ಅಭಯಾರಣ್ಯದ ಕಾಡು ಮತ್ತು ನದಿದಂಡೆ. ಹರಿಯುವ ನೀರು, ಬಂಡೆಗಳ ನಡುವಿನ ರಭಸ, ಆಳದ ಮಡುಗಳು ಬೇಕಾದ ಮೀನಿಗೆ ನಿಂತ ನೀರು ಮನೆಯಾಗದು. ಯೋಜನೆಯ ಚರ್ಚೆ ಬೆಂಗಳೂರಿನ ಕುಡಿಯುವ ನೀರು, ಎರಡು ರಾಜ್ಯಗಳ ಪಾಲು ಇವುಗಳ ಸುತ್ತಲೇ ತಿರುಗುತ್ತಿದೆ. ಮುಳುಗಡೆಯ ಅಂಚಿನ ಹಳ್ಳಿಗಳ ಮಾತು ಅಲ್ಲಿ ಕ್ಷೀಣವಾಗಿ ಕೇಳುತ್ತದೆ.

ಆ ಹಳ್ಳಿಗಳಿಗೆ ದನಿ ಕೊಡಬಲ್ಲ ಕಾನೂನು ಇದೆ. 2006ರ ಅರಣ್ಯ ಹಕ್ಕು ಕಾಯ್ದೆ, ಕಾಡಿನಲ್ಲಿ ನೆಲೆಸಿ ಅದನ್ನೇ ಅವಲಂಬಿಸಿದ ಸಮುದಾಯಗಳಿಗೆ ಕೆರೆ ಹೊಳೆಗಳ ಮೀನಿನ ಮೇಲಿನ ಸಾಮುದಾಯಿಕ ಹಕ್ಕನ್ನು ಹೆಸರಿಸಿಯೇ ಗುರುತಿಸುತ್ತದೆ; ಅಭಯಾರಣ್ಯಗಳಿಗೂ ಅದು ಅನ್ವಯಿಸುತ್ತದೆ. ಕಾಡನ್ನು ಕಾಪಾಡುವ ಅಧಿಕಾರವನ್ನೂ ಗ್ರಾಮಸಭೆಗೆ ಕೊಡುತ್ತದೆ. ಕಾವೇರಿ ಅಭಯಾರಣ್ಯದ ನೆರೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗ ಆದಿವಾಸಿಗಳು 2011ರಲ್ಲಿ, ಹುಲಿ ಸಂರಕ್ಷಿತ ಪ್ರದೇಶದೊಳಗೇ, ಈ ಕಾಯ್ದೆಯಡಿ ಸಾಮುದಾಯಿಕ ಹಕ್ಕುಪತ್ರ ಪಡೆದಿದ್ದಾರೆ.