ಬೆಜೋರ್ ಕಲ್ಲಿನಿಂದ ಫ್ರಿಜ್‌ವರೆಗೆ: ಕೊಂಡ ವಸ್ತು ಕೆಟ್ಟರೆ ಹೊಣೆ ಯಾರದು?

ನಾನು ವಕೀಲನಲ್ಲ. ಇಂಗ್ಲೆಂಡಿನ ಆಸ್ಪತ್ರೆಗಳಲ್ಲಿ ಮೂರು ದಶಕ ರೋಗಿಗಳನ್ನು ನೋಡಿ ನಿವೃತ್ತನಾದ ವೈದ್ಯ. ನಿವೃತ್ತಿಯ ನಂತರ ನಮ್ಮ ಸಂಘದ ಹಿರಿಯರಿಗೆ ಬರುವ ಕಾಗದಪತ್ರಗಳನ್ನು ಓದಿ ವಿವರಿಸುವ ಕೆಲಸವೊಂದು ತಾನಾಗಿಯೇ ನನಗೆ ಗಂಟುಬಿತ್ತು. ಪಿಂಚಣಿ, ಕೌನ್ಸಿಲ್ ಟ್ಯಾಕ್ಸ್, ಆಸ್ಪತ್ರೆಯ ಅಪಾಯಿಂಟ್‌ಮೆಂಟ್ ಇವುಗಳ ಜೊತೆಗೆ ಪದೇ ಪದೇ ಬರುವ ವಿಷಯ ಇನ್ನೊಂದು: ಹೊಸದಾಗಿ ಕೊಂಡ ವಾಷಿಂಗ್ ಮಷೀನ್ ತಿರುಗುತ್ತಿಲ್ಲ, ಮೈಕ್ರೋವೇವ್ ಬಿಸಿಯಾಗುತ್ತಿಲ್ಲ, ಅಂಗಡಿಯವರು ಕಂಪನಿಗೆ ಫೋನ್ ಮಾಡಿ ಎನ್ನುತ್ತಿದ್ದಾರೆ, ಏನು ಮಾಡಲಿ? ಉತ್ತರ ಹುಡುಕುತ್ತಾ ಹೋದವನು ಹಳೆಯ ಮೊಕದ್ದಮೆಗಳಲ್ಲಿ ಸಿಕ್ಕಿಕೊಂಡೆ. ಅಚ್ಚರಿಯೆಂದರೆ ಆ ಮೊಕದ್ದಮೆಗಳಲ್ಲಿ ನನಗೆ ಪರಿಚಿತವಾದ ವಸ್ತುಗಳೇ ಹೆಚ್ಚು. ವಿಷಹಾರಿ, ಸುಟ್ಟಗಾಯ, ಟೈಫಾಯಿಡ್, ಚರ್ಮರೋಗ. ಕೆಟ್ಟ ಟೋಸ್ಟರನ್ನು ಹಿಂದಿರುಗಿಸುವ ಹಕ್ಕಿನ ಹಿಂದೆ ಒಂದು ಸಣ್ಣ ವಾರ್ಡನ್ನೇ ತುಂಬಬಹುದಾದಷ್ಟು ರೋಗಿಗಳಿದ್ದಾರೆ.

ಮೊದಲನೆಯದು 1603ರದು, ಚಾಂಡಲರ್ ಮತ್ತು ಲೋಪಸ್ ಪ್ರಕರಣ. ಒಬ್ಬ ಅಕ್ಕಸಾಲಿಗ ಒಂದು ಕಲ್ಲನ್ನು ಬೆಜೋರ್ ಕಲ್ಲೆಂದು ಹೇಳಿ 100 ಪೌಂಡಿಗೆ ಮಾರಿದ. ಆಡಿನಂಥ ಪ್ರಾಣಿಗಳ ಹೊಟ್ಟೆಯಲ್ಲಿ ಗಟ್ಟಿಕಟ್ಟುವ ಈ ಉಂಡೆ ಎಲ್ಲ ವಿಷಕ್ಕೂ ಮದ್ದೆಂದು ಆಗ ಯೂರೋಪು ನಂಬಿತ್ತು. ಆ ಹೆಸರು ಬಂದದ್ದೂ ವಿಷಹಾರಿ ಎಂಬ ಅರ್ಥದ ಪಾರಸಿ ಮಾತಿನಿಂದ. ನಮ್ಮ ಗೋರೋಚನದ ದೂರದ ನೆಂಟ ಎನ್ನಬಹುದು. ಕೊಂಡವನಿಗೆ ಅದು ಬೆಜೋರ್ ಅಲ್ಲವೆಂದು ಗೊತ್ತಾಯಿತು. ನ್ಯಾಯಾಲಯ ಕೊಟ್ಟ ತೀರ್ಪು ಇಷ್ಟು: ಇದು ಬೆಜೋರ್ ಎಂದು ಹೇಳಿದರೆ ಸಾಲದು, ಹಾಗೆಂದು ಸ್ಪಷ್ಟವಾಗಿ ಖಾತರಿ ಕೊಟ್ಟಿರಬೇಕು, ಇಲ್ಲವೇ ಸುಳ್ಳೆಂದು ತಿಳಿದೂ ಮಾರಿರಬೇಕು. ಎರಡೂ ಇಲ್ಲದಿದ್ದರೆ ಮಾರಿದವನ ಮೇಲೆ ಹೊಣೆಯಿಲ್ಲ. ಕೊಳ್ಳುವವನೇ ಎಚ್ಚರವಾಗಿರಲಿ ಎಂಬ ಈ ನಿಯಮ ಸಂತೆಯಲ್ಲಿ ಹಸುವಿನ ಹಲ್ಲು ನೋಡಿ ಕೊಳ್ಳುವ ಕಾಲಕ್ಕೆ ಸರಿಯಿದ್ದೀತು. ಉಳಿದಂತೆ ಕೊಟ್ಟವನು ಕೋಡಂಗಿ, ಈಸ್ಕೊಂಡವನು ಈರಭದ್ರ.

ಈ ನಿಯಮವನ್ನು ಸಡಿಲಿಸಿದವರು ಬಡ ಗ್ರಾಹಕರಲ್ಲ, ವ್ಯಾಪಾರಿಗಳೇ. ಸರಕು ಹಡಗಿನಲ್ಲಿ ದೂರದಿಂದ ಬರುವಾಗ ಅದನ್ನು ನೋಡಿ ಕೊಳ್ಳುವುದು ಹೇಗೆ? 1815ರಲ್ಲಿ ರೇಷ್ಮೆಯ ಪ್ರಕರಣವೊಂದರಲ್ಲಿ ಲಾರ್ಡ್ ಎಲೆನ್‌ಬರೋ, ತಿಪ್ಪೆಗೆ ಎಸೆಯುವುದಕ್ಕೆಂದು ಯಾರೂ ದುಡ್ಡು ಕೊಟ್ಟು ಸರಕು ಕೊಳ್ಳುವುದಿಲ್ಲ ಎಂಬರ್ಥದ ಮಾತು ಹೇಳಿದರು. 1868ರಲ್ಲಿ ಸಿಂಗಪುರದಿಂದ ಬಂದ ಮನಿಲಾ ನಾರು ಸಮುದ್ರದ ನೀರು ತಾಗಿ ಹಾಳಾಗಿತ್ತು. ಮಾರಿದವನಿಗೂ ಅದು ತಿಳಿದಿರಲಿಲ್ಲ. ಆದರೂ ನಷ್ಟ ಅವನದೇ ಎಂದು ತೀರ್ಪಾಯಿತು. ತಿಳಿದಿರಲಿಲ್ಲ ಎಂಬ ನೆಪ ಅಲ್ಲಿಗೆ ಬಿದ್ದುಹೋಯಿತು.

ಈ ಬಿಡಿ ತೀರ್ಪುಗಳನ್ನೆಲ್ಲ ಒಂದು ಕಾಯಿದೆಯಾಗಿ ಹೆಣೆದವರು ಮೆಕೆಂಜಿ ಚಾಮರ್ಸ್. 1869ರಲ್ಲಿ ಇಂಡಿಯನ್ ಸಿವಿಲ್ ಸರ್ವಿಸ್ ಸೇರಿ, ಕೆಲವೇ ವರ್ಷಗಳಲ್ಲಿ ಇಂಗ್ಲೆಂಡಿಗೆ ಮರಳಿದವರು. ಭಾರತದಲ್ಲಿ ಆಗಲೇ ಕರಾರು ಕಾನೂನನ್ನು ಕಲಮು ಕಲಮಾಗಿ ಬರೆದಿಡುವ ಕೆಲಸ ನಡೆದಿತ್ತು. 1872ರ ಇಂಡಿಯನ್ ಕಾಂಟ್ರಾಕ್ಟ್ ಆಕ್ಟ್‌ನಲ್ಲಿ ಸರಕು ಮಾರಾಟಕ್ಕೇ ಒಂದು ಅಧ್ಯಾಯವಿತ್ತು. ಇಂಗ್ಲೆಂಡಿಗೆ ಅಂಥ ಕಾಯಿದೆ ಸಿಕ್ಕಿದ್ದು ಇಪ್ಪತ್ತೊಂದು ವರ್ಷ ತಡವಾಗಿ, ಚಾಮರ್ಸ್ ಬರೆದ 1893ರ ಸೇಲ್ ಆಫ್ ಗೂಡ್ಸ್ ಆಕ್ಟ್ ಮೂಲಕ. ಎಲ್ಲವನ್ನೂ ನಾವು ಇವರಿಂದಲೇ ಕಲಿತೆವು ಎನ್ನುವವರು ಈ ವರ್ಷಗಳನ್ನು ಗಮನಿಸಬೇಕು. ಆಮೇಲೆ ಚಾಮರ್ಸ್ 1896ರಿಂದ 1899ರವರೆಗೆ ವೈಸ್‌ರಾಯ್ ಮಂಡಳಿಯ ಕಾನೂನು ಸದಸ್ಯರಾಗಿ ಮತ್ತೆ ಭಾರತಕ್ಕೆ ಹೋದರು.

ಈ ಕಾಯಿದೆಯ 14ನೇ ಕಲಮು ನಮಗೆ ಮುಖ್ಯ. ಆ ಬಗೆಯ ವಸ್ತುವನ್ನೇ ವ್ಯಾಪಾರ ಮಾಡುವವನು ಮಾರಿದರೆ ಅದು ಮಾರಾಟಯೋಗ್ಯ ಗುಣಮಟ್ಟದ್ದಾಗಿರಬೇಕು. ಕೊಳ್ಳುವವನು ಉದ್ದೇಶ ತಿಳಿಸಿ ಅವನನ್ನು ನಂಬಿ ಕೊಂಡರೆ ಆ ಉದ್ದೇಶಕ್ಕೆ ಒದಗಬೇಕು. ಬಾಯಿಬಿಟ್ಟು ಹೇಳದಿದ್ದರೂ ಈ ಷರತ್ತು ಪ್ರತಿ ಮಾರಾಟದಲ್ಲೂ ಅಡಗಿರುತ್ತದೆ.

ಇನ್ನು ನನ್ನ ವಾರ್ಡಿನ ಉಳಿದ ರೋಗಿಗಳು. 1903ರಲ್ಲಿ ತೀರ್ಪಾದ ಪ್ರಕರಣದಲ್ಲಿ ಒಬ್ಬ ಔಷಧಿ ಅಂಗಡಿಯಲ್ಲಿ ರಬ್ಬರಿನ ಬಿಸಿನೀರಿನ ಚೀಲ ಕೊಂಡ. ಕುದಿಯುವ ನೀರು ತಡೆಯುತ್ತದೆಯೇ ಎಂದು ಕೇಳಿಯೂ ಕೇಳಿದ. ಕುದಿಯುವ ನೀರು ಬೇಡ, ಬಿಸಿನೀರಾದರೆ ತಡೆಯುತ್ತದೆ ಎಂದರು. ಕೆಲವೇ ದಿನಗಳಲ್ಲಿ ಚೀಲ ಒಡೆದು ಹೆಂಡತಿಯ ಮೈ ಸುಟ್ಟಿತು. ಬಿಸಿನೀರಿನ ಚೀಲದ ಉದ್ದೇಶವನ್ನು ಬೇರೆ ಹೇಳಬೇಕಾಗಿಲ್ಲ, ಹೆಸರೇ ಹೇಳುತ್ತದೆ ಎಂದು ನ್ಯಾಯಾಲಯ ಒಪ್ಪಿತು. ಎರಡು ವರ್ಷದ ನಂತರ, 1905ರಲ್ಲಿ, ಫ್ರಾಸ್ಟ್ ಎಂಬವರು ಒಂದು ಡೈರಿಯ ಮೇಲೆ ಹೂಡಿದ ದಾವೆ ತೀರ್ಮಾನವಾಯಿತು. ಹಾಲಿನಲ್ಲಿ ಟೈಫಾಯಿಡ್ ರೋಗಾಣುಗಳಿದ್ದವು, ಅವರ ಹೆಂಡತಿ ತೀರಿಕೊಂಡರು. ಎಷ್ಟೇ ಜಾಣ್ಮೆಯಿಂದ ಪರೀಕ್ಷಿಸಿದ್ದರೂ ಆಗ ಅದನ್ನು ಪತ್ತೆಹಚ್ಚಲು ಸಾಧ್ಯವಿರಲಿಲ್ಲ ಎಂದು ಡೈರಿ ವಾದಿಸಿತು. ವೈದ್ಯನಾಗಿ ನನಗೆ ಆ ವಾದದಲ್ಲಿ ತೂಕ ಕಾಣುತ್ತದೆ. ಯಾವ ಡೈರಿಯವನು ಪ್ರತಿ ಕ್ಯಾನಿನ ಕಲ್ಚರ್ ಮಾಡಿಸಿಯಾನು? ಆದರೆ ನ್ಯಾಯಾಧೀಶರು ಬೇರೆ ಪ್ರಶ್ನೆ ಕೇಳಿಕೊಂಡರು. ತಪ್ಪು ಯಾರದು ಎಂದಲ್ಲ, ಕೆಟ್ಟ ಹಾಲನ್ನು ಮಾರಿದವರು ಯಾರು ಎಂದು. ಡೈರಿ ಸೋತಿತು. ವೈದ್ಯರ ಮೇಲಿನ ದಾವೆಯಲ್ಲಿ ನಿರ್ಲಕ್ಷ್ಯ ಸಾಬೀತಾಗಬೇಕು. ಅಂಗಡಿಯವನ ವಿಷಯದಲ್ಲಿ ಅದು ಬೇಕಿಲ್ಲ. ಇಂದು ಕೌಂಟರಿನಲ್ಲಿರುವ ಹುಡುಗ ಇದು ನಮ್ಮ ತಪ್ಪಲ್ಲ ಎಂದರೆ ಆ ಮಾತು ನಿಜವಿರಬಹುದು, ಆದರೆ ಅದು ಉತ್ತರವಲ್ಲ.

ಕೊನೆಯವರು ಒಬ್ಬ ವೈದ್ಯರೇ. ಆಸ್ಟ್ರೇಲಿಯಾದ ಅಡಿಲೇಡಿನ ಡಾ. ಗ್ರಾಂಟ್ 1931ರಲ್ಲಿ ಉಣ್ಣೆಯ ಒಳಉಡುಪು ಕೊಂಡು ತೊಟ್ಟರು. ತಯಾರಿಕೆಯಲ್ಲಿ ತೊಳೆಯದೆ ಉಳಿದಿದ್ದ ಸಲ್ಫೈಟ್‌ನಿಂದ ಡರ್ಮಟೈಟಿಸ್ ಆಗಿ, ಅದು ಮೈಯೆಲ್ಲ ಹರಡಿ, ಬಹಳ ಕಾಲ ಹಾಸಿಗೆ ಹಿಡಿದರು. ಪ್ರಕರಣ ಲಂಡನ್ನಿನ ಪ್ರಿವಿ ಕೌನ್ಸಿಲಿಗೆ ಬಂತು. ಆಗ ಭಾರತದ ಮೇಲ್ಮನವಿಗಳಿಗೂ ಅದೇ ಕೊನೆಯ ಮೆಟ್ಟಿಲು. ಒಗೆದು ತೊಟ್ಟಿದ್ದರೆ ಏನೂ ಆಗುತ್ತಿರಲಿಲ್ಲ ಎಂಬ ಮಾತನ್ನು ಲಾರ್ಡ್ ರೈಟ್ ಒಪ್ಪಲಿಲ್ಲ. ಅಂಗಡಿಯಿಂದ ತಂದ ಹಾಗೇ ತೊಡುವ ಬಟ್ಟೆ ಅದು. 1935ರಲ್ಲಿ ಗ್ರಾಂಟ್ ಅಂಗಡಿಯ ವಿರುದ್ಧವೂ ತಯಾರಕರ ವಿರುದ್ಧವೂ ಗೆದ್ದರು.

ಇಷ್ಟು ಬಲವಾದ ಕಾನೂನಿದ್ದೂ ವಿದ್ಯುತ್ ಉಪಕರಣಗಳು ಮನೆಮನೆಗೆ ಬಂದ ಕಾಲಕ್ಕೆ ಗ್ರಾಹಕ ಬರಿಗೈಯಾಗಿದ್ದ. ಕಾರಣ ಅದೇ ಕಾಯಿದೆಯ 55ನೇ ಕಲಮು. ಇಬ್ಬರೂ ಒಪ್ಪಿದರೆ ಈ ಷರತ್ತುಗಳನ್ನು ಬಿಟ್ಟುಬಿಡಬಹುದು ಎಂದು ಅದು ಹೇಳುತ್ತಿತ್ತು. ಸಮಬಲದ ವ್ಯಾಪಾರಿಗಳ ನಡುವೆ ಸರಿಯಾದ ಮಾತೇ. ಆದರೆ 1950ರ ದಶಕದಲ್ಲಿ ವ್ಯಾಕ್ಯೂಮ್ ಕ್ಲೀನರ್ ಜೊತೆ ಬರುತ್ತಿದ್ದ ಅಂದದ ಗ್ಯಾರಂಟಿ ಕಾರ್ಡುಗಳಲ್ಲಿ ಇದೇ ಕಲಮು ಬಚ್ಚಿಟ್ಟುಕೊಂಡಿರುತ್ತಿತ್ತು. ದೊಡ್ಡ ಅಕ್ಷರದಲ್ಲಿ ಇಷ್ಟು ತಿಂಗಳ ಗ್ಯಾರಂಟಿ, ಸಣ್ಣ ಅಕ್ಷರದಲ್ಲಿ ಕಾನೂನಿನ ಉಳಿದೆಲ್ಲ ಹಕ್ಕುಗಳ ತ್ಯಾಗ. ಸಹಿ ಹಾಕಿ ಕಳಿಸಿದವನು ಕಳಿಸದವನಿಗಿಂತ ಬಡವನಾಗುತ್ತಿದ್ದ.

1957ರ ಅಕ್ಟೋಬರಿನಲ್ಲಿ ಮೈಕೆಲ್ ಯಂಗ್ ಮತ್ತು ಸಂಗಡಿಗರು ಪೂರ್ವ ಲಂಡನ್ನಿನ ಬೆತ್ನಲ್ ಗ್ರೀನ್‌ನ ಒಂದು ಗ್ಯಾರೇಜಿನಿಂದ 'ವಿಚ್?' ಪತ್ರಿಕೆ ಹೊರತಂದರು. ಮೊದಲ ಸಂಚಿಕೆಯಲ್ಲಿ ಅವರು ಪರೀಕ್ಷಿಸಿದ ವಸ್ತುಗಳಲ್ಲಿ ಎಲೆಕ್ಟ್ರಿಕ್ ಕೆಟಲ್ಲೂ ಇತ್ತು, ಆಸ್ಪಿರಿನ್ನೂ ಇತ್ತು. 1962ರಲ್ಲಿ ಮೊಲೊನಿ ಸಮಿತಿಯ ವರದಿ ಈ ಗ್ಯಾರಂಟಿ ಕಾರ್ಡುಗಳ ಬಣ್ಣ ಬಯಲು ಮಾಡಿತು. ಆದರೂ ಪಾರ್ಲಿಮೆಂಟಿಗೆ ಇನ್ನೂ ಹನ್ನೊಂದು ವರ್ಷ ಬೇಕಾಯಿತು! 1973ರ ಕಾಯಿದೆಯ ನಂತರ ಸಾಮಾನ್ಯ ಗ್ರಾಹಕನ ಈ ಹಕ್ಕುಗಳನ್ನು ಯಾವ ಕಾರ್ಡೂ ಕಿತ್ತುಕೊಳ್ಳಲಾಗದು. 1976ರ ಆದೇಶವೊಂದು, ಹಣ ಹಿಂದಿರುಗಿಸುವುದಿಲ್ಲ ಎಂಬಂಥ ಬೋರ್ಡು ತೂಗುಹಾಕುವುದನ್ನೇ ಅಪರಾಧವಾಗಿಸಿತು.

ನಡುವೆ ಪ್ಲಗ್ಗಿನ ಒಂದು ಮಾತು. ಎಂಬತ್ತರ ದಶಕದಲ್ಲಿ ಈ ದೇಶಕ್ಕೆ ಬಂದವರಿಗೆ ನೆನಪಿರಬಹುದು, ಇಸ್ತ್ರಿಪೆಟ್ಟಿಗೆ ಕೊಂಡರೆ ಎಷ್ಟೋ ಸಲ ಪ್ಲಗ್ ಇಲ್ಲದ ವೈರು ಮಾತ್ರ ಬರುತ್ತಿತ್ತು. ಫ್ಯೂಸ್ ಇರುವ ಚೌಕ ಪಿನ್ನಿನ ಪ್ಲಗ್ 1947ರಲ್ಲೇ ಬಂದಿದ್ದರೂ ಹಳೆಯ ಮನೆಗಳಲ್ಲಿ ದುಂಡು ಪಿನ್ನಿನ ಸಾಕೆಟ್ಟುಗಳು ಬಹುಕಾಲ ಉಳಿದಿದ್ದವು. ಬೆಂಗಳೂರಿನ ನಮ್ಮ ಮನೆಗಳಲ್ಲಿ ಇಂದಿಗೂ ಇರುವುದು ಆ ಹಳೆಯ ಬ್ರಿಟಿಷ್ ದುಂಡು ಪಿನ್ನಿನ ವಂಶವೇ. ಪ್ಲಗ್ ಜೋಡಿಸುವುದು ಕೊಂಡವನ ಕೆಲಸವಾದಾಗ ಯಂತ್ರ ಕೆಟ್ಟರೆ ನೀವೇ ವೈರು ತಪ್ಪಾಗಿ ಹಾಕಿದ್ದೀರಿ ಎನ್ನುವುದು ಅಂಗಡಿಗೆ ಸುಲಭ. 1994ರ ನಿಯಮಗಳು ಪ್ಲಗ್ ಹಾಕಿಯೇ ಮಾರಬೇಕೆಂದವು. ಅದೇ ವರ್ಷದ ಇನ್ನೊಂದು ಕಾಯಿದೆ ಮಾರಾಟಯೋಗ್ಯ ಎಂಬ ಹಳೆಯ ಪದವನ್ನು ತೆಗೆದು ತೃಪ್ತಿಕರ ಗುಣಮಟ್ಟ ಎಂದು ಬರೆದು, ಸುರಕ್ಷತೆ ಮತ್ತು ಬಾಳಿಕೆಯನ್ನೂ ಅದರೊಳಗೆ ಸೇರಿಸಿತು.

ಆದರೆ ಕೆಟ್ಟ ವಸ್ತುವನ್ನು ಎಷ್ಟು ದಿನದೊಳಗೆ ಹಿಂದಿರುಗಿಸಬೇಕು ಎಂಬುದು ಗೊಂದಲವಾಗಿಯೇ ಇತ್ತು. 1987ರ ಒಂದು ಪ್ರಕರಣದಲ್ಲಿ ಹೊಸ ಕಾರು ಮೂರೇ ವಾರದಲ್ಲಿ, ಸುಮಾರು 140 ಮೈಲಿ ಓಡಿ ನಿಂತಿತ್ತು. ಹಿಂದಿರುಗಿಸಲು ತಡವಾಯಿತು ಎಂದರು ನ್ಯಾಯಾಧೀಶರು. ಇದು ನನಗೆ ಇಂದಿಗೂ ಅನ್ಯಾಯವೆನಿಸುತ್ತದೆ. 2015ರ ಅಕ್ಟೋಬರ್ 1ರಂದು ಜಾರಿಗೆ ಬಂದ ಕನ್ಸ್ಯೂಮರ್ ರೈಟ್ಸ್ ಆಕ್ಟ್ ಲೆಕ್ಕ ಹೇಳಿಬಿಟ್ಟಿತು. 30 ದಿನ.

ಇದು ಕಾಗದದ ಮೇಲಿನ ಮಾತಷ್ಟೇ ಅಲ್ಲ ಎನ್ನುವುದಕ್ಕೆ ಒಂದು ಉದಾಹರಣೆ. ನಮ್ಮ ಸಂಘದ ಹಿರಿಯ ಮಹಿಳೆಯೊಬ್ಬರು ಒಂಟಿಯಾಗಿರುವವರು, ದಿನಕ್ಕೆರಡು ಸಲ ಇನ್ಸುಲಿನ್ ತೆಗೆದುಕೊಳ್ಳುವವರು. ಕೊಂಡ ಹನ್ನೊಂದನೇ ದಿನ ಫ್ರಿಜ್ ತಣ್ಣಗಾಗುವುದನ್ನು ನಿಲ್ಲಿಸಿತು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿರಬೇಕು. ಅಂಗಡಿಯವರು ತಯಾರಕರಿಗೆ ಫೋನ್ ಮಾಡಿ ಎಂದರು. ತಯಾರಕರು ಮೆಕ್ಯಾನಿಕ್ ಬರಲು ಎರಡು ವಾರವೆಂದರು. ಆಕೆ ಪೆಟ್ಟಿಗೆಯನ್ನು ಪಕ್ಕದ ಮನೆಯಲ್ಲಿಟ್ಟು, ಪ್ರತಿ ಸಲ ಹೋಗಿ ಬಾಗಿಲು ತಟ್ಟುವ ಸಂಕೋಚಕ್ಕೆ ಕೆಲವು ಡೋಸ್ ಬಿಟ್ಟೇಬಿಟ್ಟಿದ್ದರು. ನನ್ನ ಬಳಿ ಬಂದದ್ದು ತಲೆಸುತ್ತು, ಬಾಯಾರಿಕೆ ಎಂದು. ಫ್ರಿಜ್‌ನ ವಿಷಯ ಮಾತಿನ ನಡುವೆ ಬಂತು. ಅಂದೇ ಸಂಜೆ ಅಂಗಡಿಗೆ ಹತ್ತು ಸಾಲಿನ ಪತ್ರ ಬರೆದೆವು. ಇವರ ಕರಾರು ನಿಮ್ಮೊಡನೆ, ತಯಾರಕರೊಡನೆ ಅಲ್ಲ. ಕೊಂಡು 30 ದಿನವಾಗಿಲ್ಲ. ದುರಸ್ತಿ ಬೇಡ, ವಸ್ತುವನ್ನು ತಿರಸ್ಕರಿಸಿದ್ದೇವೆ. ಪೂರ್ತಿ ಹಣ ಕೊಡಿ, ಸಾಗಿಸುವ ಖರ್ಚೂ ನಿಮ್ಮದೇ. ಐದನೇ ದಿನ ಹಣ ಬಂತು.

30 ದಿನ ಕಳೆದಿದ್ದರೆ ದುರಸ್ತಿಗೋ ಬದಲಿಗೋ ಅಂಗಡಿಗೆ ಒಂದು ಅವಕಾಶ ಕೊಡಬೇಕಾಗುತ್ತಿತ್ತು, ಅದು ವಿಫಲವಾದರೆ ಹಣ. ಮೊದಲ ಆರು ತಿಂಗಳಲ್ಲಿ ದೋಷ ಕಂಡರೆ ಅದು ಕೊಟ್ಟಾಗಲೇ ಇತ್ತೆಂದು ಕಾನೂನು ಭಾವಿಸುತ್ತದೆ. ಇಲ್ಲವೆಂದು ತೋರಿಸುವ ಭಾರ ಅಂಗಡಿಯದು. ಬೆಲೆ 100 ಪೌಂಡಿಗಿಂತ ಹೆಚ್ಚಿದ್ದು 30,000 ಮೀರದಿದ್ದು ಕ್ರೆಡಿಟ್ ಕಾರ್ಡಿನಲ್ಲಿ ಕೊಂಡಿದ್ದರೆ, 1974ರ ಕನ್ಸ್ಯೂಮರ್ ಕ್ರೆಡಿಟ್ ಆಕ್ಟ್‌ನ 75ನೇ ಕಲಮಿನಂತೆ ಕಾರ್ಡಿನ ಕಂಪನಿಯೂ ಹೊಣೆ. ಅಂಗಡಿ ಮುಚ್ಚಿಹೋದಾಗ ಇದೇ ಗತಿ.

ನಮ್ಮೆಲ್ಲರ ಅಡಿಗೆಮನೆಯಲ್ಲಿರುವ ಇನ್ನೊಂದು ವಸ್ತುವಿನ ಬಗ್ಗೆ ಕೇಳುವವರಿದ್ದಾರೆ: ಬೆಂಗಳೂರಿನಿಂದ ಸೂಟ್‌ಕೇಸಿನಲ್ಲಿ ತಂದ ಮಿಕ್ಸರ್. ಇಲ್ಲಿಯ ಕಾಯಿದೆ ಅದನ್ನು ಕಾಯುವುದಿಲ್ಲ, ಕರಾರು ಅಲ್ಲಿಯ ಅಂಗಡಿಯೊಡನೆ. ಅಲ್ಲಿ ಅನ್ವಯಿಸುವುದು 1930ರ ಭಾರತದ ಸೇಲ್ ಆಫ್ ಗೂಡ್ಸ್ ಆಕ್ಟ್. ಅದರ 16ನೇ ಕಲಮು ಚಾಮರ್ಸ್ ಬರೆದ 14ನೇ ಕಲಮಿನ ಒಡಹುಟ್ಟು, ಲಂಡನ್ 1994ರಲ್ಲಿ ಕೈಬಿಟ್ಟ ಮಾರಾಟಯೋಗ್ಯ ಎಂಬ ಪದ ಅಲ್ಲಿ ಹಾಗೇ ಇದೆ. ಜೊತೆಗೆ ಗ್ರಾಹಕ ಸಂರಕ್ಷಣೆಗೆಂದೇ 1986ರಲ್ಲಿ ಬಂದ ಕಾಯಿದೆಯ ಜಾಗದಲ್ಲಿ ಈಗ 2019ರ ಕಾಯಿದೆಯಿದೆ. ಅದರಂತೆ ಗ್ರಾಹಕ ತಾನಿರುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಊರಿನಲ್ಲಿರುವ ತಂದೆತಾಯಿಗೆ ಟಿವಿ, ಗೀಸರ್ ಕೊಡಿಸುವವರು ರಸೀದಿಯನ್ನು ಅವರ ಹೆಸರಿನಲ್ಲೇ ಬರೆಸಿ, ಅವರ ಕೈಯಲ್ಲೇ ಕೊಟ್ಟು ಬನ್ನಿ.