ನಷ್ಟ ಯಾರದು? ವಿದ್ಯಾರ್ಥಿಗಳ ಉದ್ಯಮಾಸಕ್ತಿ ಮತ್ತು ಮನೆಯ ಮೌಲ್ಯಗಳು

ಸ್ವಂತ ಉದ್ಯಮದ ಬಗ್ಗೆ ವಿದ್ಯಾರ್ಥಿಗಳಿಗಿರುವ ಒಲವನ್ನು ಅಳೆಯಹೊರಟವರು ಹೆಚ್ಚಾಗಿ ಐಸೆಕ್ ಏಜೆನ್ 1991ರಲ್ಲಿ ವಿಸ್ತರಿಸಿ ಮಂಡಿಸಿದ ಚೌಕಟ್ಟನ್ನು ಹಿಡಿಯುತ್ತಾರೆ. ಅದರಲ್ಲಿ ಮೂರು ಅಂಶಗಳು: ಕೆಲಸದ ಬಗೆಗಿನ ಧೋರಣೆ, ಆಪ್ತರು ಏನೆನ್ನುತ್ತಾರೆಂಬ ಅಂದಾಜು, ತನ್ನ ಕೈಲಾದೀತೆಂಬ ನಂಬಿಕೆ. ಕ್ರೂಗರ್ ಮತ್ತು ಸಂಗಡಿಗರ 2000ದ ಅಧ್ಯಯನದಲ್ಲಿ ಎರಡನೆಯದರ ಪ್ರಭಾವ ಗಣನೀಯವಾಗಿ ಕಾಣಲಿಲ್ಲ. ಆ ಫಲಿತಾಂಶವನ್ನು ಕರ್ನಾಟಕಕ್ಕೆ ಎರವಲು ತರುವುದು ಸರಿಯಲ್ಲ. ಇಲ್ಲಿ ಉದ್ಯಮಕ್ಕೆ ಇಳಿಯುವವನು ಒಬ್ಬ, ಸಾಲಕ್ಕೆ ಹೊಣೆ ಇಡೀ ಮನೆ.

ಮನೆಯ ಮೌಲ್ಯಗಳಾದರೂ ಒಂದೇ ದಿಕ್ಕಿನವಲ್ಲ. ಹನ್ನೆರಡನೆಯ ಶತಮಾನದ ಶರಣರ ಕಾಯಕತತ್ವವನ್ನು ಕೊಂಡಾಡುವ ಬಾಯಿಯೇ ‘ವ್ಯಾಪಾರಂ ದ್ರೋಹಚಿಂತನಂ’ ಎಂದೂ ಅನ್ನುತ್ತದೆ. ಸಾಲದ ಕುರಿತ ಸರ್ವಜ್ಞನ ತ್ರಿಪದಿ ಬಾಲ್ಯದಲ್ಲೇ ಬಾಯಿಪಾಠವಾಗಿರುತ್ತದೆ. ‘ಸರ್ಕಾರದ ಕೆಲಸ ದೇವರ ಕೆಲಸ’ ಎಂದು ವಿಧಾನಸೌಧದ ಮೇಲೆ ಕೆತ್ತಿಸಿದ್ದು ನೌಕರರ ನೆನಪಿಗಾಗಿ. ತಂದೆತಾಯಂದಿರು ಅದನ್ನು ಮಗನ ಭವಿಷ್ಯಕ್ಕೆ ಅನ್ವಯಿಸಿಕೊಂಡರು!

ಕರಾವಳಿಯ ಉದಾಹರಣೆ ಇಲ್ಲಿ ಉಪಯುಕ್ತ. ಕೆನರಾ ಮತ್ತು ಕಾರ್ಪೊರೇಷನ್ ಬ್ಯಾಂಕುಗಳ ಮೂಲ ಸಂಸ್ಥೆಗಳು 1906ರಲ್ಲಿ ಮಂಗಳೂರು, ಉಡುಪಿಗಳಲ್ಲಿ ಹುಟ್ಟಿದವು. 1925ರಲ್ಲಿ ಉಡುಪಿಯಲ್ಲಿ ಶುರುವಾಗಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ 1928ರಲ್ಲಿ ಪಿಗ್ಮಿ ಠೇವಣಿ ತಂದಿತು. ಏಜೆಂಟರು ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆಯನ್ನೂ ಒಯ್ಯುತ್ತಿದ್ದರು. ಬಂಡವಾಳವೆಂದರೆ ಎಲ್ಲಿಂದಲೋ ಬರುವ ದೊಡ್ಡ ಮೊತ್ತವಲ್ಲ, ಚಿಲ್ಲರೆ ಕೂಡಿದ್ದು ಎಂಬುದು ಮಕ್ಕಳ ಕಣ್ಣೆದುರೇ ಇತ್ತು. ಇನ್ನು ಮುಂಬಯಿಗೆ ಹೋದ ಹುಡುಗರು: ಹಗಲಲ್ಲಿ ಹೋಟೆಲಿನ ಟೇಬಲ್ ಒರೆಸಿ, ಕನ್ನಡದ ರಾತ್ರಿ ಶಾಲೆಗಳಲ್ಲಿ ಕಲಿತು, ಕೆಲವರು ಗಲ್ಲಾದವರೆಗೂ ಏರಿದರು. ಹಾಲು ಒಡೆದ ದಿನದ ನಷ್ಟ, ಗಿರಾಕಿ ಬಾರದ ಮಳೆಗಾಲದ ಸಂಜೆ, ಉದ್ರಿ ಪುಸ್ತಕ ಎಲ್ಲವನ್ನೂ ಇನ್ನೊಬ್ಬರ ದುಡ್ಡಿನಲ್ಲಿ ನೋಡಿ ಕಲಿತವರು ಅವರು. ಏಜೆನ್ ಹೇಳುವ ಮೂರನೆಯ ಅಂಶ, ಅಂದರೆ ಕೈಲಾದೀತೆಂಬ ನಂಬಿಕೆ, ಇಲ್ಲಿ ಎರಡನೆಯದರ, ಅಂದರೆ ಆಪ್ತರ ನಂಟಿನ, ಒಡಲಲ್ಲೇ ಬೆಳೆಯಿತು.

ಈ ನಂಟು ಎಲ್ಲರಿಗೂ ತೆರೆದಿರಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ಹೋಟೆಲಿನ ಅಡುಗೆಮನೆಗೆ ಯಾರು ಕಾಲಿಡಬಹುದೆಂಬುದನ್ನು ಜಾತಿ ನಿರ್ಧರಿಸಿದ ಕಾಲವಿತ್ತು. ಅಂಥ ಕಡೆ ದಲಿತ ವಿದ್ಯಾರ್ಥಿಯ ಹಿಂಜರಿಕೆಯನ್ನು ‘ಸಾಹಸಪ್ರವೃತ್ತಿಯ ಕೊರತೆ’ ಎಂದು ದಾಖಲಿಸುವುದು ಅಳತೆಗೋಲಿನದೇ ದೋಷ. ಗಲ್ಲಾದ ಮೇಲೆ ಕೂತು ದುಡಿದ ತಂದೆಯೇ ಮಗನನ್ನು ಎಂಜಿನಿಯರಿಂಗಿಗೆ ಕಳಿಸಿ ‘ನಿನಗೆ ಈ ಪಾಡು ಬೇಡ’ ಎನ್ನುವುದನ್ನೂ ಉದ್ಯಮವಿರೋಧ ಎನ್ನಲಾಗದು. ಅದು ಅದೇ ದುಡಿಮೆಯ ಲಾಭ.

ಹಾಗಾಗಿ ಪ್ರಶ್ನಾವಳಿಯಲ್ಲಿ ‘ನಿಮ್ಮ ಮನೆಯವರು ಒಪ್ಪುತ್ತಾರೆಯೇ?’ ಎಂದು ಕೇಳಿ ಒಂದರಿಂದ ಏಳರವರೆಗೆ ಅಂಕ ಹಾಕಿಸಿದರೆ ಸಾಲದು. ಅಂಗಡಿ ಮುಚ್ಚಿದರೆ ಸಾಲದ ಕಂತು ಯಾರು ಕಟ್ಟುತ್ತಾರೆ, ಅಡವಿಡುವುದು ಯಾರ ಒಡವೆ, ತಂಗಿಯ ಮದುವೆ ಎಷ್ಟು ವರ್ಷ ಮುಂದೆ ಹೋಗುತ್ತದೆ ಎಂದೂ ಕೇಳಬೇಕು.